ಗಂಡಸರಿಗೊಂದು ಪರದೆ

ದೊಡ್ಡನೆಕ್ಕುಂದಿ

ಸಿಂಗಪುರಕ್ಕೆ ಹೋಗಿ ಏನು ನೋಡಿಕೊಂಡು ಬಂದಿರಿ ಎಂದು ಕೇಳಿದವರಿಗೆ ನಾನು ಇವತ್ತಿಗೂ ಒಂದು ಬೆಡ್‌ಶೀಟಿನ ಕತೆ ಹೇಳುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರಿಗೆ ಬೇಕಾಗಿರುವುದು ಮುಗಿಲೆತ್ತರದ ಕಟ್ಟಡ, ಬಾಯಿಂದ ನೀರು ಚಿಮ್ಮುವ ಸಿಂಹ. ಅವೆಲ್ಲ ಆಲ್ಬಂನಲ್ಲಿವೆ, ಹೊಸ ತಿಪ್ಪಸಂದ್ರದ ಕಡೆ ಬಂದಾಗ ಮನೆಗೆ ಬನ್ನಿ, ತೋರಿಸುತ್ತೇನೆ. ಬೆಡ್‌ಶೀಟಿನ ಕತೆಗೆ ಮಾತ್ರ ಫೋಟೋ ಇಲ್ಲ. ಅಲ್ಲಿ ಕ್ಯಾಮೆರಾ ಹೊರಗೆ ತೆಗೆಯುವ ಹಾಗೂ ಇರಲಿಲ್ಲ.

ನಾವು ಹೊರಟದ್ದು ಅಕ್ಕನ ಹಟಕ್ಕೆ. ಜಯಮ್ಮಕ್ಕನನ್ನು ದೊಡ್ಡನೆಕ್ಕುಂದಿಗೆ ಮದುವೆ ಮಾಡಿ ಕೊಟ್ಟಾಗ ಅವಳ ಮನೆಯ ಸುತ್ತ ರಾಗಿ ಹೊಲವಿತ್ತು. ಈಗ ಅಲ್ಲಿ ಗಾಜಿನ ಕಟ್ಟಡಗಳು, ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಹುಡುಗರು. ಬದಲಾಗದೆ ಉಳಿದದ್ದು ವಿಮಾನವೊಂದೇ. ಆಗಿನ್ನೂ ಬೆಂಗಳೂರಿನ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಗಿರಲಿಲ್ಲ. ಆಟೋ ಹತ್ತಿದರೆ ಬೀಡಿ ಆರುವುದರೊಳಗೆ ತಲುಪುವಷ್ಟು ಹತ್ತಿರದಲ್ಲಿತ್ತು. ಅಕ್ಕ ಕಳೆ ಕೀಳುವಾಗ, ಸೊಪ್ಪು ಬಿಡಿಸುವಾಗ, ಮೊಮ್ಮಗುವಿಗೆ ಎಣ್ಣೆ ತಿಕ್ಕುವಾಗ ವಿಮಾನಗಳು ಹಾರುತ್ತಲೇ ಇದ್ದವು.

"ಕೆಳಗ್ ನಿಂತ್ಕೊಂಡು ಅದ್ರ ಹೊಟ್ಟೆ ನೋಡಿ ನೋಡಿ ಸಾಕಾಗೈತೆ ಕಣೋ ನಾಗ. ಒಳಗೇನ್ ಇಕ್ಕವ್ರೆ ಅಂತ ಸಾಯೋದ್ರೊಳ್ಗೆ ಒಂದ್ಸಲ ನೋಡ್ಬಿಡ್ಬೇಕು" ಎಂದಳು.

ನನ್ನ ಹೆಂಡತಿಗೆ ಬಸ್ಸಿನಲ್ಲಿ ಹೊಸಕೋಟೆಗೆ ಹೋದರೂ ತಲೆಸುತ್ತು. ಅವಳು ಬರುವುದಿಲ್ಲವೆಂದಳು. ಹೀಗಾಗಿ ಅಕ್ಕ, ಭಾವ, ನಾನು ಮೂವರೇ ಶಿವಾಜಿನಗರದ ಅನ್ವರ್ ಭಾಯ್ ಕರೆದುಕೊಂಡು ಹೋಗುವ ಪ್ರವಾಸದ ಗುಂಪಿಗೆ ಸೇರಿದೆವು.

ಭಾವನ ಬಗ್ಗೆ ಎರಡು ಮಾತು ಹೇಳಬೇಕು. ಮುನಿವೆಂಕಟಪ್ಪ ಎಂದರೆ ಊರಿನಲ್ಲಿ ತೂಕದ ಮನುಷ್ಯ. ಪಂಚಾಯಿತಿಗೆ ಬಂದು ಕೂತರೆ ಎದುರಿಗಿದ್ದವರು ಕಾಲ ಮೇಲಿನ ಕಾಲು ಇಳಿಸುತ್ತಿದ್ದರು. ಎಂಥ ಬೇಸಿಗೆಯಲ್ಲೂ ಮೈಮೇಲಿನ ಅಂಗಿ ತೆಗೆದವರಲ್ಲ. ಬಚ್ಚಲುಮನೆಯಿಂದ ಕೂಡ ಕುತ್ತಿಗೆಯ ಗುಂಡಿ ಹಾಕಿಕೊಂಡೇ ಹೊರಗೆ ಬರುವವರು. ಆ ಅಂಗಿಯ ಕೆಳಗೆ, ಸೊಂಟದ ಸುತ್ತ, ಅವರ ತಾಯಿ ಹಾಕಿಸಿದ ಬೆಳ್ಳಿ ಉಡಿದಾರ. ಹರೆಯದಲ್ಲಿ ಒಮ್ಮೆ ಕೆರೆಯಲ್ಲಿ ಈಜುವಾಗ ಅದು ಕಳಚಿ ಬಿದ್ದು, ಅರ್ಧ ಊರೇ ನೀರಿಗಿಳಿದು ಹುಡುಕಿಕೊಟ್ಟಿತಂತೆ. ಆಮೇಲೆ ಹಲಸೂರಿನ ಆಚಾರಿಯೊಬ್ಬರು ಕೊಂಡಿಗೆ ಬೆಸುಗೆ ಹಾಕಿ, ಇನ್ನು ಇದು ಅಲ್ಲಾಡುವುದಿಲ್ಲ ಎಂದರು. ಅದು ಅಲ್ಲಾಡಲಿಲ್ಲ. ಭಾವನ ಹೊಟ್ಟೆ ಮಾತ್ರ ಬೆಳೆಯಿತು.

ನನ್ನ ಬಗ್ಗೆ ಒಂದೇ ಮಾತು ಸಾಕು. ನಮ್ಮ ಮನೆಯ ಹತ್ತಿರದ ದೊಡ್ಡ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ, ಅಲ್ಲೇ ನಿವೃತ್ತನಾದವನು. ಅಲ್ಲಿ ಪಾಳಿ ಮುಗಿದು ಹೊರಗೆ ಬರುವಾಗ ಗೇಟಿನಲ್ಲಿ ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಬೇಕು, ಎರಡೂ ಕೈ ಎತ್ತಬೇಕು, ಕಾವಲುಗಾರ ಮೈ ಸವರಿ ಬಿಡುತ್ತಿದ್ದ. ನಿವೃತ್ತನಾದ ಮೇಲೂ ಆ ಚಾಳಿ ಹೋಗಲಿಲ್ಲ. ಸಮವಸ್ತ್ರದವರು ಯಾರು ಎದುರಾದರೂ ನನ್ನ ಕೈಗಳು ತಾವಾಗಿಯೇ ಮೇಲಕ್ಕೆ ಹೋಗುತ್ತವೆ. ಒಮ್ಮೆ ಪೋಸ್ಟ್‌ಮ್ಯಾನ್ ಎದುರಿಗೂ ಎತ್ತಿದ್ದೆ.

ನಮ್ಮೂರ ವಿಮಾನ ನಿಲ್ದಾಣ

ನಮ್ಮನ್ನು ಕಳಿಸಿಕೊಡಲು ಒಂದು ಟೆಂಪೋ ತುಂಬ ಜನ ಬಂದಿದ್ದರು. ಹಾರ, ಕುಂಕುಮ, ಅಳು ಎಲ್ಲ ಆಯಿತು. ಅಕ್ಕನ ಎಲೆಅಡಿಕೆ ಚೀಲದಲ್ಲಿದ್ದ ಅಡಕತ್ತರಿ ಒಳಗೆ ಬಿಡುವುದಿಲ್ಲವೆಂದು ಅನ್ವರ್ ಭಾಯ್ ಬಾಗಿಲಲ್ಲೇ ಕಸಿದು, ಬಂದವರ ಕೈಗೆ ಕೊಟ್ಟರು. "ಇದ್ರಲ್ಲಿ ನಾನು ಯಾರ್ ಕತ್ತು ಕತ್ತರಿಸ್ತೀನಪ್ಪಾ, ಅಡಿಕೆನೇ ಸರಿಯಾಗ್ ಕತ್ತರ್ಸಲ್ಲ ಅದು" ಎಂದು ಅಕ್ಕ ಗೊಣಗಿದಳು.

ತಪಾಸಣೆಯ ಜಾಗದಲ್ಲಿ ಹೆಂಗಸರಿಗೆ ಬೇರೆ ಸಾಲು. ಅವರನ್ನು ಪರದೆ ಕಟ್ಟಿದ ಪುಟ್ಟ ಗೂಡಿನೊಳಗೆ ಕರೆದು ಹೆಂಗಸೇ ನೋಡುತ್ತಾಳೆ. ಗಂಡಸರು ಮಾತ್ರ ಬಟಾಬಯಲಲ್ಲಿ ಮಣೆಯಂಥದರ ಮೇಲೆ ಹತ್ತಿ ನಿಲ್ಲಬೇಕು. ನಾನು ದೂರದಿಂದಲೇ ಕೈ ಎತ್ತಿಕೊಂಡು ಹೋದೆ. ತಪಾಸಣೆಗೆ ನಿಂತಿದ್ದ ಜವಾನ ನಕ್ಕು, ಸ್ವಲ್ಪ ಹೊತ್ತು ಇಳಿಸಿಕೊಳ್ಳಿ, ನಿಮ್ಮ ಸರದಿ ಇನ್ನೂ ಬಂದಿಲ್ಲ ಎಂದು ಹಿಂದಿಯಲ್ಲಿ ಹೇಳಿದ.

ಭಾವನ ಸೊಂಟದ ಹತ್ತಿರ ಯಂತ್ರ ಕುಯ್ಯೆಂದಿತು. ಜವಾನ ಅಂಗಿಯ ಮೇಲಿಂದಲೇ ಬೆರಳಿನಿಂದ ಮುಟ್ಟಿ ನೋಡಿದ. ಒಂದು ಕ್ಷಣ ಯೋಚಿಸಿ, ತನ್ನದೇ ಸೊಂಟ ಮುಟ್ಟಿಕೊಂಡು ಹುಬ್ಬು ಹಾರಿಸಿದ. ಭಾವ ತಲೆಯಾಡಿಸಿದರು. ಅವನು ಅಂಗಿಯ ಮೇಲೆಯೇ ಸುತ್ತಲೂ ಬೆರಳು ಸರಿಸಿ, ತೃಪ್ತಿಯಾದ ಮೇಲೆ ಹೋಗಿ ಎಂದ. ಅವನದು ಯಾವ ಊರೋ, ಅವನ ತಾಯಿಯೂ ಅವನಿಗೊಂದು ಕಟ್ಟಿ ಕಳಿಸಿದ್ದಿರಬೇಕು.

"ಒಳ್ಳೆ ಹುಡುಗ" ಎಂದರು ಭಾವ. ಆಮೇಲೆ ಹೆಂಗಸರ ಗೂಡಿನ ಕಡೆ ನೋಡಿ, "ಆದ್ರೂ ಪರದೆ ಯಾಕ್ ಹೆಂಗಸ್ರಿಗೆ ಮಾತ್ರ? ಗಂಡಸ್ರಿಗೆ ಮಾನ ಇಲ್ವೇನೋ?" ಎಂದರು. ನಾನೂ ಅನ್ವರ್ ಭಾಯಿಯೂ ಹೊಟ್ಟೆ ತುಂಬ ನಕ್ಕೆವು.

ವಿಮಾನ ಎದ್ದಾಗ ಅಕ್ಕ ಕಿಟಕಿಗೆ ಮೂಗು ಒತ್ತಿ ತನ್ನ ಮನೆ ಹುಡುಕಿದಳು. ಅದು ಸಿಗುವುದರೊಳಗೆ ಮೋಡ ಬಂತು.

ನಡುವಿನ ಊರು

ದಾರಿಯಲ್ಲಿ ಒಂದೂರಿನಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕಿತ್ತು. ಆ ಊರಿನ ಹೆಸರು ಬೇಡ. ಅಲ್ಲಿನ ಚಹಾ ಚೆನ್ನಾಗಿತ್ತು, ಜನರೂ ಒಳ್ಳೆಯವರೇ. ವಿಮಾನ ಬದಲಿಸುವವರನ್ನೂ ಅಲ್ಲಿ ಮತ್ತೊಮ್ಮೆ ತಪಾಸಣೆ ಮಾಡುತ್ತಿದ್ದರು.

ಅಲ್ಲೂ ಅದೇ ಏರ್ಪಾಡು. ಅಕ್ಕ ಗೂಡಿನೊಳಗೆ ಹೋದಳು, ಬಂದಳು. ಭಾವನ ಸೊಂಟ ಕುಯ್ಯೆಂದಿತು. ಅಧಿಕಾರಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಭಾವನಿಗೆ ಅರ್ಥವಾಗಲಿಲ್ಲ, ನಮ್ಮೂರ ಜವಾನ ಮಾಡಿದ ಹಾಗೆ ತಮ್ಮ ಸೊಂಟ ಮುಟ್ಟಿ ತೋರಿಸಿದರು. ಅದು ಅವನಿಗೆ ಅರ್ಥವಾಗಲಿಲ್ಲ. ನಾನು ಸಾಲಿನಲ್ಲಿ ಬಾಯಿ ತೆರೆಯುವುದರೊಳಗೆ ಅವನು ತಾನೇ ಭಾವನ ಅಂಗಿ, ಬನಿಯನ್ ಎರಡನ್ನೂ ಹಿಡಿದು ಎದೆಯವರೆಗೆ ಎತ್ತಿಬಿಟ್ಟ.

ಬೆಳ್ಳಿ ಫಳಕ್ಕೆಂದಿತು. ಅವನು ಅಂಥದ್ದನ್ನು ಕಂಡಿರಲಿಲ್ಲವೇನೋ, ಪಕ್ಕದವನನ್ನು ಕರೆದ. ಪಕ್ಕದವನು ಪೆನ್ನಿನ ತುದಿಯಿಂದ ಅದನ್ನು ಮೀಟಿ ನೋಡಿದ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಭಾವ ಕೈ ಚಾಚಿ ನಿಂತೇ ಇದ್ದರು. ಅವರ ಕಣ್ಣು ಎದುರಿಗಿದ್ದ ಅಕ್ಕನ ಮೇಲೆ ಬಿತ್ತು. ಅಕ್ಕ ಥಟ್ಟನೆ ಮುಖ ತಿರುಗಿಸಿಕೊಂಡಳು.

ಅಧಿಕಾರಿ ಕೆಟ್ಟವನಲ್ಲ. ಅಂಗಿ ಇಳಿಸಿ, ಸಾರಿ ಎಂದೂ ಹೇಳಿದ. ಆದರೆ ಭಾವ ಮುಂದಿನ ವಿಮಾನದಲ್ಲಿ ಊಟ ಮುಟ್ಟಲಿಲ್ಲ.

ನಾನು ಸಮಾಧಾನ ಮಾಡಲು ಹೋದೆ. "ಅಯ್ಯೋ ಭಾವ, ಇಷ್ಟಕ್ಕೆಲ್ಲ ಬೇಜಾರ್ ಮಾಡ್ಕೊಂಡ್ರೆ ಹೆಂಗೆ? ಅವ್ರೂ ನಮ್ಮ ಜೀವ ಕಾಯೋಕ್ ತಾನೆ ಮಾಡೋದು. ನನ್ನ ನೋಡಿ, ಸರ್ವಿಸ್ ಪೂರ್ತಿ ದಿನಾ ಮುಟ್ಟಿಸ್ಕೊಂಡಿದ್ದೀನಿ. ಏನಾಯ್ತು?"

ಭಾವ ನನ್ನನ್ನೇ ನೋಡಿದರು. "ನಿಂಗೆ ಅಭ್ಯಾಸ ಆಗೈತೆ ಕಣಪ್ಪ. ಮಾನ ಹೋಗೋದನ್ನೂ ಅಭ್ಯಾಸ ಮಾಡ್ಕೋಬೇಕಾ?"

ನನಗೆ ರೇಗಿತು. ಬಾಮೈದನಿಗೆ ಭಾವ ಏನು ಬೇಕಾದರೂ ಅನ್ನಬಹುದೆಂದು ಸುಮ್ಮನೆ ನನ್ನ ಊಟವನ್ನೂ ಅವರ ಊಟವನ್ನೂ ನಾನೇ ತಿಂದೆ.

ಸಿಂಗಪುರ, ಹೋಟೆಲಿನ ಬಾಗಿಲು

ಹೋಟೆಲಿನ ಬಾಗಿಲಲ್ಲಿ ಬಂಗಾರದ ಗುಂಡಿಯ ಕೋಟು ತೊಟ್ಟ ಒಬ್ಬ ವಯಸ್ಸಾದ ಮಲಯ ಮನುಷ್ಯ ನಿಂತಿದ್ದ. ಸಮವಸ್ತ್ರ ಕಂಡದ್ದೇ ನನ್ನ ಕೈಗಳು ಮೇಲೆದ್ದವು. ಅವನು ಅರೆಗಳಿಗೆ ತಬ್ಬಿಬ್ಬಾದ. ಆಮೇಲೆ, ಇವರ ಕಡೆ ಇದೇ ಪದ್ಧತಿಯಿರಬೇಕು ಎಂದುಕೊಂಡನೋ ಏನೋ, ಮುಂದೆ ಬಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡ. ಅಲ್ಲಿದ್ದಷ್ಟು ದಿನವೂ ಬೆಳಿಗ್ಗೆ ಸಂಜೆ ನಮ್ಮ ಅಪ್ಪುಗೆ ತಪ್ಪಲಿಲ್ಲ. ಹೊರಡುವ ದಿನ ಅವನ ಕಣ್ಣು ಒದ್ದೆಯಾಗಿದ್ದನ್ನು ನಾನೇ ಕಂಡೆ.

ಭಾವ ಮಾತ್ರ ಎಲ್ಲಿಗೂ ಬರುವುದಿಲ್ಲವೆಂದು ಮಂಚ ಹಿಡಿದರು. ಹಕ್ಕಿಗಳ ತೋಟಕ್ಕೆ ಹೋಗುವುದಿತ್ತು. ಗೇಟು ಇದೆಯೇ ಎಂದು ಕೇಳಿದರು. ಇದೆ ಎಂದರು ಅನ್ವರ್ ಭಾಯ್. ಹಾಗಾದರೆ ಬೇಡ.

"ಕ್ಯಾ ಅಂಕಲ್, ಹಕ್ಕಿ ನೋಡೋಕ್ ಹೋದ್ರೆ ಯಾರ್ ಅಂಗಿ ಎತ್ತಿಸ್ತಾರೆ?"

"ನಿನ್ನೆ ಟೀ ಕುಡ್ಯೋಕ್ ಇಳಿದ್ರೆ ಎತ್ತಿಸಿಲ್ವೇನಪ್ಪ?" ಎಂದರು ಭಾವ. ಅನ್ವರ್ ಭಾಯ್ ಉಳಿದವರನ್ನು ಕರೆದುಕೊಂಡು ಹೊರಟರು.

ಸಂಜೆ ಅಕ್ಕ ಬಲವಂತದಿಂದ ಒಂದು ದೊಡ್ಡ ಅಂಗಡಿಗೆ ಹೊರಡಿಸಿದಳು. ಅಲ್ಲಿ ಬಾಗಿಲ ಎರಡೂ ಪಕ್ಕ ಎದೆಯೆತ್ತರದ ಕಂಬಗಳು, ಸಾಮಾನು ಕದ್ದರೆ ಕೂಗುವಂಥವು. ಭಾವ ಅವುಗಳನ್ನು ಮೇಲಿಂದ ಕೆಳಗೆ ನೋಡಿ, ಹಿಂದಕ್ಕೆ ಬಂದು, ಬೀದಿಯ ಬೆಂಚಿನ ಮೇಲೆ ಕುಳಿತರು. ನಾವು ಹೊರಗೆ ಬರುವಾಗಲೂ ಹಾಗೇ ಕೂತಿದ್ದರು. ಎಲೆಅಡಿಕೆ ಹಾಕಿದರೆ ಉಗುಳುವುದೆಲ್ಲಿ ಎಂಬ ಭಯಕ್ಕೆ ಬಾಯಿಗೂ ಏನೂ ಇಲ್ಲ. ಊರಿನಲ್ಲಿ ಎಲ್ಲರನ್ನೂ ಮಾತಾಡಿಸುವ ಮನುಷ್ಯ ಆ ಬೆಂಚಿನ ಮೇಲೆ ತೀರಾ ಸಣ್ಣವರಾಗಿ ಕಂಡರು. 

ಅಕ್ಕ ಒಂದು ಬೆಡ್‌ಶೀಟು ಕೊಂಡಿದ್ದಳು. ಅದರ ತುಂಬ ಉದ್ದ ಕಾಲಿನ ಗುಲಾಬಿ ಬಣ್ಣದ ಹಕ್ಕಿಗಳು. "ತೋಟದ್ ಹಕ್ಕೀನ ನೀವ್ ನೋಡ್ಲಿಲ್ವಲ್ಲ, ಇದ್ರಲ್ ನೋಡಿ" ಎಂದು ಬಿಚ್ಚಿ ತೋರಿಸಿದಳು.

"ಬೆಡ್‌ಶೀಟ್ ತಗೊಳಕ್ಕೆ ಸಿಂಗಪುರಕ್ಕೆ ಬರ್ಬೇಕಿತ್ತಾ? ಶಿವಾಜಿನಗರದಲ್ ಸಿಕ್ತಿರ್ಲಿಲ್ವಾ?" ಎಂದರು ಭಾವ. ಆ ದಿನವೆಲ್ಲ ಅವರು ಆಡಿದ ಅತಿ ಉದ್ದದ ಮಾತು ಅದು. ಅಕ್ಕನಿಗೆ ಅಷ್ಟಕ್ಕೇ ಸಂತೋಷವಾಯಿತು.

ಸಿಂಗಪುರ, ಬೆಳ್ಳಿ ಅಂಗಡಿ

ವಾಪಸ್ಸು ಹೋಗುವಾಗಲೂ ಅದೇ ನಡುವಿನ ಊರು, ಅದೇ ಯಂತ್ರ. ಅದು ಭಾವನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಹಡಗಿನಲ್ಲಿ ಹೋಗಬಹುದೇ ಎಂದು ವಿಚಾರಿಸಿದರು. ಕೊನೆಗೆ ಒಂದು ಬೆಳಿಗ್ಗೆ ಎದ್ದು ಅಂಗಿ ತೊಟ್ಟು, "ನಡೀರಿ, ಕತ್ತರ್ಸಿ ಹಾಕ್ಸಿಬಿಡೋಣ" ಎಂದರು.

ಅಕ್ಕ ಎದೆಗೆ ಕೈ ಹಚ್ಚಿಕೊಂಡಳು. ನಮ್ಮಲ್ಲಿ ಗಂಡಸಿನ ಸೊಂಟ ಬರಿದಾಗಕೂಡದು. ಹಳೆಯ ದಾರ ತೆಗೆಯುವ ಮುಂಚೆ ಹೊಸದನ್ನು ಕಟ್ಟಿರಬೇಕು. ಕತ್ತರಿಸಿ ತೆಗೆಯುವುದಂತೂ ಒಂದೇ ಸಲ, ಅದೂ ಹೆಣದ ಮೈಮೇಲಿಂದ. ಆ ಮಾತನ್ನು ಅಕ್ಕ ಬಾಯಿಬಿಟ್ಟು ಆಡಲಿಲ್ಲ. "ನಾನ್ ಬದುಕಿರೋವರ್ಗೂ ಅದು ನಿಮ್ಮ ಮೈಮೇಲಿರ್ಲಿ ಕಣ್ರೀ" ಎಂದಷ್ಟೇ ಹೇಳಿದಳು.

"ಮೊದ್ಲು ಕರಿ ದಾರ ಕಟ್ಕೊಂತೀನಿ, ಆಮೇಲೆ ತಾನೆ ಕತ್ತರ್ಸೋದು. ಶಾಸ್ತ್ರ ತಪ್ಪಲ್ಲ ಬಿಡು."

ತಮಿಳರ ಬೀದಿಯಲ್ಲಿ ಒಂದು ಬೆಳ್ಳಿ ಅಂಗಡಿ ಸಿಕ್ಕಿತು. ಹಲಸೂರು ಸಂತೆಯಲ್ಲಿ ಕಲಿತ ತಮಿಳಿನಲ್ಲಿ ಭಾವ ವಿಷಯ ಹೇಳಿದರು. ಅಂಗಡಿಯಾತನಿಗೆ ಒಂದೇ ಮಾತಿಗೆ ತಿಳಿಯಿತು. ನಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಓರೆ ಮಾಡಿದ. ಭಾವ ತಮ್ಮ ಕೈಯಾರೆ ಅಂಗಿ ಎತ್ತಿದರು. ನಾನು ಕರಿ ದಾರ ಕಟ್ಟಿದೆ. ಅಂಗಡಿಯಾತ ಇಕ್ಕಳ ಹಿಡಿದು ಬೆಸುಗೆಯ ಮೇಲಿಟ್ಟ.

"ಕಟ್ ಪಣ್ಣಟ್ಟುಮಾ?" ಎಂದ, ಕತ್ತರಿಸಲೇ ಎಂದು.

ಓರೆ ಬಾಗಿಲ ಸಂದಿಯಿಂದ ಅಕ್ಕ ಕಾಣುತ್ತಿದ್ದಳು. ಗೋಡೆಗೆ ಮುಖ ಮಾಡಿ ನಿಂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಭುಜ ಅಲುಗುತ್ತಿತ್ತು. ಭಾವ ಅತ್ತ ನೋಡಿದರು. ಇಕ್ಕಳವನ್ನು ಮೆಲ್ಲಗೆ ಆಚೆ ಸರಿಸಿ, "ವೇಂಡಾಂ" ಎಂದರು. ಅಂಗಿ ಇಳಿಸಿದರು, ಗುಂಡಿ ಹಾಕಿದರು.

ಹೊರಗೆ ಬಂದಾಗ ಇನ್ನೇನು ಮಾಡುವುದೆಂದು ಯಾರಿಗೂ ಗೊತ್ತಿರಲಿಲ್ಲ. ಸೊಂಟದಲ್ಲಿ ಈಗ ಬೆಳ್ಳಿಯ ಜೊತೆಗೆ ದಾರವೂ ಇತ್ತು. ಸ್ವಲ್ಪ ದೂರ ನಡೆದ ಮೇಲೆ ಭಾವ ನಿಂತು, "ನಾಗ, ಪರದೆಗೆ ಇಂಗ್ಲಿಷಲ್ಲಿ ಏನಂತಾರೆ?" ಎಂದು ಕೇಳಿದರು.

"ಕರ್ಟನ್ ಭಾವ."

"ಬೇಕು ಅನ್ನೋಕೆ?"

ಹೇಳಿಕೊಟ್ಟೆ. ಅಂದಿನಿಂದ ಹೊರಡುವವರೆಗೂ ಬಚ್ಚಲಲ್ಲಿ, ಲಿಫ್ಟಿನಲ್ಲಿ, ವಿಮಾನದ ಸೀಟಿನಲ್ಲಿ ಅದೇ ಮಂತ್ರ. "ಐ ವಾಂಟ್ ಕರ್ಟನ್. ಐ ವಾಂಟ್ ಕರ್ಟನ್." ಗಗನಸಖಿ ಪಾಪ, ಅವರ ಪಕ್ಕದ ಕಿಟಕಿಯ ಮುಚ್ಚಳ ಎಳೆದುಕೊಟ್ಟು ಹೋದಳು.

ಮತ್ತೆ ನಡುವಿನ ಊರು

ಸಾಲು ಉದ್ದವಿತ್ತು. ಈ ಸಲ ಇದ್ದವನು ಬೇರೆ ಅಧಿಕಾರಿ, ಮೀಸೆ ಈಗ ತಾನೇ ಚಿಗುರುತ್ತಿದ್ದ ಹುಡುಗ. ಯಂತ್ರ ಕುಯ್ಯೆಂದಿತು. ಅವನು ಬಾಯಿ ತೆರೆಯುವ ಮುಂಚೆಯೇ ಭಾವ ಪಂಚಾಯಿತಿಯ ದನಿಯಲ್ಲಿ, "ಐ ವಾಂಟ್ ಕರ್ಟನ್" ಎಂದರು.

"ಕರ್ಟನ್?"

ನಾನು ಹಿಂದಿನಿಂದ ನನ್ನ ಕಾರ್ಖಾನೆಯ ಇಂಗ್ಲಿಷಿನಲ್ಲಿ ಕೂಗಿ ವಿವರಿಸಿದೆ. ಇವರು ಎಲ್ಲವನ್ನೂ ತೋರಿಸಲು ಒಪ್ಪಿದ್ದಾರೆ, ಒಂದಿಂಚೂ ಬಿಡದೆ ನೋಡಿ, ಆದರೆ ಊರಿಗೆಲ್ಲ ತೋರಿಸುವುದಿಲ್ಲ. ಹುಡುಗ ಮೇಲಧಿಕಾರಿಯನ್ನು ಕರೆದ. ಮೇಲಧಿಕಾರಿ ಸಜ್ಜನ. ಹಾಗೆ ಕೇಳುವುದು ನಿಮ್ಮ ಹಕ್ಕು, ಅದಕ್ಕೆಂದೇ ನಮ್ಮಲ್ಲಿ ಒಂದು ಕೋಣೆ ಇದೆ ಎಂದ. ಭಾವನ ಮುಖ ಅರಳಿತು. ಕೋಣೆಗೆ ಬೀಗ ಹಾಕಿತ್ತು. ಕೀಲಿ ಇಟ್ಟುಕೊಂಡವನು ಊಟಕ್ಕೆ ಹೋಗಿದ್ದ.

ಕಾದೆವು. ನಮ್ಮ ವಿಮಾನದ ಕರೆ ಬಂತು. ಸಾಲಿನ ಹಿಂದಿನವರು ಲೊಚಗುಟ್ಟತೊಡಗಿದರು. ಅನ್ವರ್ ಭಾಯ್ ಆಚೆಯಿಂದ, "ಅಂಕಲ್, ಪ್ಲೀಸ್ ಅಂಕಲ್, ಒಂದೇ ನಿಮಿಷ, ಎತ್ತಿ ಇಳಿಸ್ಬಿಡಿ!" ಎಂದು ಕೈಮುಗಿದರು. ಭಾವನ ಕೈ ಅಂಗಿಯ ಅಂಚಿಗೆ ಹೋಯಿತು. ವಿಮಾನ ತಪ್ಪಿದರೆ ನಮ್ಮಿಂದ ಗುಂಪಿಗೆಲ್ಲ ತೊಂದರೆ ಎಂದು ಅವರಿಗೂ ಗೊತ್ತಿತ್ತು.

"ಮುಟ್ಬೇಡಿ ರೀ ಅಂಗೀನ!"

ಅದು ಅಕ್ಕ. ಹೆಂಗಸರ ಗೂಡಿನಿಂದ ಆಗಲೇ ಹೊರಗೆ ಬಂದಿದ್ದವಳು, ಬೆಲ್ಟಿನ ಮೇಲಿಂದ ತನ್ನ ಚೀಲ ಎತ್ತಿಕೊಂಡು, ಜಿಪ್ಪು ಎಳೆದು, ಗುಲಾಬಿ ಹಕ್ಕಿಗಳ ಬೆಡ್‌ಶೀಟನ್ನು ಕೊಡವಿ ಬಿಚ್ಚಿದಳು. ಒಂದು ತುದಿ ತಾನು ಹಿಡಿದಳು. ಇನ್ನೊಂದು ತುದಿ ಯಾರು ಹಿಡಿಯುವುದು? ಅವಳನ್ನು ತಪಾಸಣೆ ಮಾಡಿದ್ದ ಹೆಂಗಸು ಗೂಡಿನಿಂದ ಇಣುಕಿ ನೋಡಿದಳು. ಮೇಲಧಿಕಾರಿಯ ಮುಖ ನೋಡಿದಳು. ಅವನು ಬಾಗಿಲ ಬೀಗದ ಕಡೆ ನೋಡಿ, ನಿಟ್ಟುಸಿರು ಬಿಟ್ಟು, ತಲೆಯಾಡಿಸಿದ. ಅವಳು ನಗುತ್ತಾ ಬಂದು ಆ ತುದಿ ಹಿಡಿದಳು.

ಅಕ್ಕನ ಮದುವೆಯಲ್ಲಿ ಅಂತರಪಟ ಹಿಡಿದದ್ದು ನನಗೆ ನೆನಪಾಯಿತು. ಅಲ್ಲಿ ಆಚೆಗೆ ಭಾವ, ಈಚೆಗೆ ಅಕ್ಕ. ಇಲ್ಲಿ ಆಚೆಗೆ ಭಾವನ ಜೊತೆ ಮೀಸೆ ಚಿಗುರುವ ಹುಡುಗ. ಇಬ್ಬರು ಹೆಂಗಸರೂ ಕಣ್ಣು ಮುಚ್ಚಿ, ಮುಖ ಅತ್ತ ತಿರುಗಿಸಿ ನಿಂತಿದ್ದರು. ನಮಗೆ ಕಂಡದ್ದು ಕೆಳಗೆ ಎರಡು ಜೊತೆ ಕಾಲು ಮಾತ್ರ.

"ನೋಡಪ್ಪಾ, ಚೆನ್ನಾಗ್ ನೋಡು. ಇದು ನಮ್ಮಮ್ಮ ಹಾಕಿದ್ದು. ಹಿಂದ್ಗಡೆನೂ ನೋಡ್ಕೋ" ಎನ್ನುವ ದನಿ ಕೇಳಿಸಿತು. ಹುಡುಗ ಕನ್ನಡ ತಿಳಿದವನ ಹಾಗೆ ಹೂಂ ಹೂಂ ಎನ್ನುತ್ತಿದ್ದ. ಯಂತ್ರವೂ ಮಧ್ಯೆ ಮಧ್ಯೆ ಕುಯ್ಯೆನ್ನುತ್ತಿತ್ತು. ಸುಮ್ಮನೆ ಬಿಟ್ಟನೆಂದು ಯಾರೂ ಹೇಳುವ ಹಾಗಿಲ್ಲ, ಅಷ್ಟು ಹೊತ್ತು ನೋಡಿದ.

ಭಾವ ಹೊರಗೆ ಬಂದಾಗ ಕುತ್ತಿಗೆಯ ಗುಂಡಿಯವರೆಗೆ ಎಲ್ಲ ಹಾಕಿತ್ತು. "ಎಲ್ಲಾ ತೋರ್ಸ್ದೆ. ನಾನೇ ತೋರ್ಸ್ದೆ" ಎಂದರು. ಬೆಂಚಿನ ಮೇಲೆ ಕೂತಿದ್ದ ಸಣ್ಣ ಮನುಷ್ಯ ಎಲ್ಲೋ ಹೋಗಿ, ನಮ್ಮ ದೊಡ್ಡನೆಕ್ಕುಂದಿಯ ಮುನಿವೆಂಕಟಪ್ಪ ವಾಪಸ್ಸು ಬಂದಿದ್ದರು.

ಅಕ್ಕ ಬೆಡ್‌ಶೀಟು ಮಡಚಲು ಹೋದಳು. ಸಾಲಿನಲ್ಲಿ ಮುಂದಿದ್ದ ಬಿಳಿ ಗಡ್ಡದ ಪರದೇಶದವನೊಬ್ಬ ಕೆಮ್ಮಿದ. ತನ್ನ ಹೊಟ್ಟೆಗೆ ಕಟ್ಟಿದ್ದ ಅಗಲ ಪಟ್ಟಿಯನ್ನು ಅಂಗಿಯ ಮೇಲಿಂದಲೇ ತಟ್ಟಿ, ಹಕ್ಕಿಗಳ ಕಡೆ ಬೆರಳು ತೋರಿಸಿ, ಸಂಕೋಚದಿಂದ ನಕ್ಕ. ಅಕ್ಕ ಮತ್ತೆ ಬಿಚ್ಚಿದಳು. ಅವನ ಹಿಂದೆ ಲುಂಗಿಯ ಮುದುಕನೊಬ್ಬ, "ನನಗೂ" ಎಂದು ಸನ್ನೆ ಮಾಡಿದ. ಇಷ್ಟು ಹೊತ್ತು ಲೊಚಗುಟ್ಟಿದವರೂ ಬಾಯಿ ಮುಚ್ಚಿಕೊಂಡು ಪರದೆಯೊಳಗೆ ಹೋಗಿ ಬಂದರು. ಅರ್ಧ ಸಾಲು ನಮ್ಮ ವಿಮಾನದವರೇ, ನಮ್ಮನ್ನು ಬಿಟ್ಟು ಅದು ಹೊರಡುವ ಹಾಗಿರಲಿಲ್ಲ. ಅಕ್ಕ ತೋಳು ನೋವೆಂದು ಒಂದು ಮಾತೂ ಆಡಲಿಲ್ಲ.

ಎಲ್ಲರನ್ನೂ ಮುಂದೆ ಬಿಟ್ಟು, ಕೊನೆಗೆ ನಾನು. ನನ್ನ ಸೊಂಟದಲ್ಲಿ ಬೆಳ್ಳಿಯಿಲ್ಲ, ಯಂತ್ರ ಕೂಗಲೂ ಇಲ್ಲ. ಮೇಲಿಂದ ಒಂದು ಸಲ ಸವರಿ ಬಿಡುವುದಷ್ಟೇ. ಹುಡುಗ ಹತ್ತಿರ ಬರುವ ಮುಂಚೆಯೇ ನನ್ನ ಎರಡೂ ಕೈ ಮೇಲೆದ್ದಿದ್ದವು.

"ನಿಂಗೂ ಹಿಡೀಲೇನೋ ನಾಗ?" ಎಂದಳು ಅಕ್ಕ.

ನನಗ್ಯಾಕಕ್ಕ, ನನಗೆ ಅಭ್ಯಾಸ ಎನ್ನಲು ಬಾಯಿ ತೆರೆದೆ. ಭಾವ ಅಲ್ಲೇ ನಿಂತಿದ್ದರು, ನನ್ನನ್ನು ನೋಡದೆ ಛಾವಣಿಯನ್ನು ನೋಡುತ್ತಿದ್ದರು. ಪಾಳಿ ಮುಗಿದ ಸಂಜೆಗಳು ನೆನಪಾದವು. ಗೇಟಿನ ಎದುರು ಬಸ್ಸಿಗೆ ಕಾದ ಹೆಂಗಸರು, ಸೈಕಲ್ಲು ಹಿಡಿದ ಮಕ್ಕಳು, ಅವರೆಲ್ಲರ ಎದುರಿಗೆ ಡಬ್ಬಿ ತೆರೆದು ಕೈ ಎತ್ತಿ ನಿಂತ ನಾನು. ಒಂದು ದಿನ ನನ್ನ ಮಗಳೂ ಅಲ್ಲಿ ನಿಂತಿದ್ದಳು. ನಾನು ಅವಳನ್ನು ಕಂಡರೂ ಕಾಣದವನ ಹಾಗೆ ನೆಲ ನೋಡಿದ್ದೆ. ಅದು ನಾಚಿಕೆ ಎಂದು ಆಗ ನನಗೆ ಗೊತ್ತಾಗಿರಲಿಲ್ಲ. 

"ಹಿಡಿಯಕ್ಕ" ಎಂದೆ.

ಎತ್ತಿದ್ದ ಕೈಗಳನ್ನು ಇಳಿಸಿ ಗುಲಾಬಿ ಹಕ್ಕಿಗಳ ಹಿಂದಕ್ಕೆ ಹೋದೆ. ಹುಡುಗ ಬಂದು ಎದುರಿಗೆ ನಿಂತ. ಅವನು, "ಪ್ಲೀಸ್, ಸರ್" ಎನ್ನುವವರೆಗೂ ಕಾದು, ಆಮೇಲೆ ಕೈ ಎತ್ತಿದೆ.